ಕೆರಿಬಿಯನ್ ಕಡಲಿನ ‘ನೀವು’ ಮತ್ತು ‘ನಾವು’

ಜಮೈಕಾ ಕಿಂಕೇಡ್ ಅವರ ‘ಎ ಸ್ಮಾಲ್ ಪ್ಲೇಸ್’ ಪುಸ್ತಕವನ್ನು ಕನ್ನಡಕ್ಕೆ ತರಲು ಕೂತವರಿಗೆ ಮೊದಲ ಪುಟದಲ್ಲೇ ಒಂದು ತೊಡಕು ಎದುರಾಗುತ್ತದೆ. ಪುಸ್ತಕದ ಮೊದಲ ಭಾಗವಿಡೀ ಒಬ್ಬ ಪ್ರವಾಸಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡುತ್ತದೆ. ಇಂಗ್ಲಿಷಿನಲ್ಲಿ ‘ಯೂ’ ಎಂದರೆ ಮುಗಿಯಿತು. ಕನ್ನಡದಲ್ಲಿ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ‘ನೀನು’ ಎಂದರೆ ಜಗಳದ ದನಿ ಬರುತ್ತದೆ, ನಿಜ. ಆದರೆ ನಾವು ದೇವರಿಗೂ ತಾಯಿಗೂ ಗೆಳೆಯರಿಗೂ ‘ನೀನು’ ಎಂದೇ ಅನ್ನುವುದರಿಂದ ಬೇಡದ ಸಲಿಗೆಯೊಂದು ಒಳನುಸುಳುತ್ತದೆ. ‘ನೀವು’ ಎಂದರೆ ಮರ್ಯಾದೆ. ಕಿಂಕೇಡ್ ಆ ಪ್ರವಾಸಿಗೆ ಮರ್ಯಾದೆ ಕೊಡುತ್ತಿಲ್ಲ. ನನ್ನ ಸಂಶೋಧನೆಗೆಂದು ಕೆಲವು ಪುಟಗಳನ್ನು ಅನುವಾದಿಸುವಾಗ ಎರಡನ್ನೂ ಬಳಸಿ ನೋಡಿದೆ. ಎರಡೂ ಒಪ್ಪಲಿಲ್ಲ. ಸರ್ವನಾಮದ ಈ ಸಣ್ಣ ಗೊಂದಲ ನನ್ನನ್ನು ಎಲ್ಲಿಗೋ ಕರೆದೊಯ್ದಿತು. ಈ ಬರಹ ಅದರ ಫಲ.

ಲೇಖಕಿಯ ಹೆಸರು ಜಮೈಕಾ, ಊರು ಆಂಟಿಗುವಾ. ಎರಡೂ ಕೆರಿಬಿಯನ್ ಕಡಲಿನ ಬೇರೆಬೇರೆ ದ್ವೀಪಗಳು. ಆಕೆ 1949ರಲ್ಲಿ ಆಂಟಿಗುವಾದಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮನೆಗೆಲಸಕ್ಕೆಂದು ಅಮೆರಿಕಕ್ಕೆ ಹೋದವರು. ‘ಜಮೈಕಾ ಕಿಂಕೇಡ್’ ಅಲ್ಲಿ ತಾನೇ ಇಟ್ಟುಕೊಂಡ ಹೆಸರು. ಎರಡು ದಶಕಗಳ ನಂತರ ಊರಿಗೆ ಮರಳಿದಾಗ ಕಂಡದ್ದನ್ನು ಬರೆದ ಪುಸ್ತಕ ಇದು. 1988ರಲ್ಲಿ ಪ್ರಕಟವಾಯಿತು, ನೂರು ಪುಟವೂ ಇಲ್ಲ. ಪ್ರವಾಸಿ ವಿಮಾನದಿಂದ ಇಳಿಯುತ್ತಾನೆ, ಟ್ಯಾಕ್ಸಿ ಹತ್ತುತ್ತಾನೆ, ಹೋಟೆಲಿನ ಕಿಟಕಿಯಿಂದ ಕಡಲು ನೋಡುತ್ತಾನೆ. ಅವನ ಕಣ್ಣಿಗೆ ಬಿದ್ದ ಒಂದೊಂದರ ಹಿಂದಿನ ಸಂಗತಿಯನ್ನೂ ನಿರೂಪಕಿ ತೆರೆದಿಡುತ್ತಾಳೆ. ಅವನಿಗೆ ಮಳೆಯಿಲ್ಲದ ಆಕಾಶ ಚಂದ. ಅಲ್ಲಿನವರಿಗೆ ಅದು ಬರಗಾಲ. ಅವನು ಮೀಯುವ ನೀಲಿ ನೀರಿಗೇ ಅವನ ಹೋಟೆಲಿನ ಕಕ್ಕಸಿನ ನೀರೂ ಸೇರುತ್ತಿರಬಹುದು. ಸ್ಥಳೀಯ ಊಟವೆಂದು ಅವನು ಸವಿಯುವುದು ಮಯಾಮಿಯಿಂದ ವಿಮಾನದಲ್ಲಿ ಬಂದದ್ದು. ಪೇಟೆಯ ನಡುವಿನ ಗ್ರಂಥಾಲಯ 1974ರ ಭೂಕಂಪದಲ್ಲಿ ಹಾಳಾಗಿ, ದುರಸ್ತಿಯಾಗಲಿದೆ ಎಂಬ ಫಲಕ ಹೊತ್ತು ವರ್ಷಗಟ್ಟಲೆ ನಿಂತಿದೆ. ಹೋಟೆಲುಗಳಿಗೆ ಇಲ್ಲದ ಈ ಕಾಯುವಿಕೆ ಗ್ರಂಥಾಲಯಕ್ಕೆ ಮಾತ್ರ ಯಾಕೆ ಎಂಬುದು ಪುಸ್ತಕದ ತಿರುಳಿನ ಪ್ರಶ್ನೆ.

ಈ ಪುಟಗಳಿಗೆ ಟಿಪ್ಪಣಿ ಬರೆಯುತ್ತ ಹಿನ್ನೆಲೆ ಹುಡುಕುವಾಗ ಸಾಹಿತ್ಯವಲ್ಲದ ಇನ್ನೊಂದು ಪಠ್ಯ ಕೈಗೆ ಸಿಕ್ಕಿತು. ಕೆರಿಬಿಯನ್ ರಾಷ್ಟ್ರಗಳ ಸಂಘವು ರೂಪಿಸಿದ, ಇಡೀ ಕೆರಿಬಿಯನ್ ಪ್ರದೇಶವನ್ನು ‘ಸುಸ್ಥಿರ ಪ್ರವಾಸೋದ್ಯಮ ವಲಯ’ವೆಂದು ಘೋಷಿಸುವ ಒಡಂಬಡಿಕೆ ಅದು. 1994ರಲ್ಲಿ ಕೊಲಂಬಿಯಾದ ಕಾರ್ತಹೇನಾದಲ್ಲಿ ಹುಟ್ಟಿದ ಈ ಸಂಘದಲ್ಲಿ 25 ಸದಸ್ಯ ರಾಷ್ಟ್ರಗಳಿವೆ. ಪುಟ್ಟ ದ್ವೀಪಗಳ ಜೊತೆ ಮೆಕ್ಸಿಕೊ, ವೆನೆಜುವೆಲಾದಂಥ ದೊಡ್ಡ ದೇಶಗಳೂ ಇವೆ. 1999ರ ಶೃಂಗಸಭೆಯಲ್ಲಿ ಈ ವಲಯದ ಸಂಕಲ್ಪವಾಯಿತು. 2001ರ ಡಿಸೆಂಬರಿನಲ್ಲಿ ವೆನೆಜುವೆಲಾದ ಮಾರ್ಗರೀಟಾ ದ್ವೀಪದಲ್ಲಿ ಸಹಿ ಬಿತ್ತು. ಜಾರಿಗೆ ಬಂದದ್ದು 2013ರಲ್ಲಿ. ಸಂಸ್ಕೃತಿ, ಸಮಾಜ, ಜೀವವೈವಿಧ್ಯ ಎಲ್ಲ ಸೇರಿ ಈ ಪ್ರದೇಶ ಒಂದೇ ಘಟಕ, ಇಲ್ಲಿನ ಪ್ರವಾಸೋದ್ಯಮವನ್ನು ಒಟ್ಟಾಗಿ ಬೆಳೆಸಬೇಕು ಎಂಬುದು ಅದರ ಆಶಯ. ಕಾನೂನಿನ ಭಾಷೆಯಲ್ಲಿ ಅಲ್ಲಿ ಮಾತಾಡುವುದು ‘ಒಪ್ಪಂದ ಮಾಡಿಕೊಂಡ ರಾಷ್ಟ್ರಗಳು’. ಸಾದಾ ಮಾತಿನಲ್ಲಿ ಅದು ‘ನಾವು’.

ಹೀಗೆ ಒಂದೇ ಕಡಲಿನ ಬಗ್ಗೆ ಎರಡು ಪಠ್ಯಗಳು ನನ್ನ ಮೇಜಿನ ಮೇಲಿದ್ದವು. ಒಂದರ ತುಂಬ ‘ನೀವು’, ಇನ್ನೊಂದರ ತುಂಬ ‘ನಾವು’. ನಮ್ಮ ಕನ್ನಡದ ‘ನಾವು’ ಕೂಡ ಸ್ವಲ್ಪ ಮೋಸದ ಪದವೇ. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡು ಹೇಳುವ ‘ನಮ’ ಬೇರೆ, ಅವರನ್ನು ಹೊರಗಿಟ್ಟು ಹೇಳುವ ‘ಎಂಕುಲು’ ಬೇರೆ. ತಮಿಳಿನಲ್ಲೂ ತೆಲುಗಿನಲ್ಲೂ ಈ ವ್ಯತ್ಯಾಸವಿದೆ. ಇವತ್ತಿನ ಕನ್ನಡದಲ್ಲಿ ಇಲ್ಲ. ಯಾರಾದರೂ ‘ನಾವು’ ಎಂದಾಗ ಅದರೊಳಗೆ ನಾನಿದ್ದೇನೋ ಇಲ್ಲವೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕು. ಕೆರಿಬಿಯನ್ ಒಡಂಬಡಿಕೆಯ ‘ನಾವು’ ಕೂಡ ಹೀಗೆ ಊಹಿಸಬೇಕಾದದ್ದು. ಅದರೊಳಗೆ ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಹೆಂಗಸು ಇದ್ದಾಳೆಯೇ? ಪಕ್ಕದ ದ್ವೀಪದವಳು ಇದ್ದಾಳೆಯೇ? ಒಡಂಬಡಿಕೆ ಬರುವ ಎಷ್ಟೋ ಮೊದಲಿನಿಂದ ಕೆರಿಬಿಯನ್ ಸಾಹಿತ್ಯ ಈ ‘ನಾವು’ ಎಂಬುದನ್ನು ತಿಕ್ಕಿ ನೋಡುತ್ತ ಬಂದಿದೆ. ಅದು ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂಬುದಕ್ಕೆ ದಸ್ತಾವೇಜುಗಳಿಗಿಂತ ಒಳ್ಳೆಯ ಸಾಕ್ಷಿ ಅಲ್ಲಿನ ಕವಿ, ನಾಟಕಕಾರ, ಕಾದಂಬರಿಕಾರರಲ್ಲಿ ಸಿಗುತ್ತದೆ ಎಂಬುದು ನನ್ನ ವಾದ.

*

ಮೊದಲು ಇತಿಹಾಸದಿಂದ ಒಂದು ತುಣುಕು. ಬ್ರಿಟಿಷರ ಕೈಯಲ್ಲಿದ್ದ ದ್ವೀಪಗಳು ಒಂದೇ ದೇಶವಾಗುವ ಪ್ರಯತ್ನವೊಂದು ನಡೆದಿತ್ತು. 1958ರ ಜನವರಿಯಲ್ಲಿ ಹತ್ತು ಘಟಕಗಳ ‘ವೆಸ್ಟ್ ಇಂಡೀಸ್ ಒಕ್ಕೂಟ’ ಶುರುವಾಯಿತು. 1961ರ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಜಮೈಕಾ ಹೊರನಡೆಯಿತು. ಹತ್ತರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ ಎಂದು ಟ್ರಿನಿಡಾಡಿನ ನಾಯಕ ಎರಿಕ್ ವಿಲಿಯಮ್ಸ್ ಲೆಕ್ಕ ಹೇಳಿದರು. 1962ರ ಮೇ ತಿಂಗಳಿಗೆ ಒಕ್ಕೂಟ ಮುಗಿದೇ ಹೋಯಿತು. ಆಮೇಲೆ ಒಂದೊಂದೇ ದ್ವೀಪ ಸ್ವತಂತ್ರ ದೇಶವಾಯಿತು. ಸಕ್ಕರೆಯ ಕಾಲ ಇಳಿಯುತ್ತಿದ್ದಾಗ, ಮಾರಲು ಬೇರೇನೂ ಇಲ್ಲದ ಪುಟ್ಟ ದೇಶಗಳು ತಮ್ಮಲ್ಲಿದ್ದ ಬಿಸಿಲು, ಮರಳು, ಕಡಲನ್ನೇ ಮಾರಲು ಕೂತವು. ಕೂಡಿ ಬಾಳಲಾಗದ ದ್ವೀಪಗಳು ಈಗ ಒಂದೇ ಸಂತೆಯಲ್ಲಿ ಒಂದೇ ಸರಕಿನ ಅಂಗಡಿ ಇಟ್ಟವು.

ಇಂಥ ಸಂತೆಯಲ್ಲಿ ಸಹಕಾರ ಎಲ್ಲಿಯವರೆಗೆ ನಡೆಯುತ್ತದೆ? ಒಟ್ಟಾಗಿ ಪ್ರಚಾರ ಮಾಡುವುದು, ಅಂಕಿಅಂಶ ಸೇರಿಸುವುದು, ತರಬೇತಿ ಕೊಡುವುದು ನಡೆಯುತ್ತದೆ. ಇಂಥ ಕೆಲಸಕ್ಕೆ ಕೆರಿಬಿಯನ್ ಪ್ರವಾಸೋದ್ಯಮ ಸಂಸ್ಥೆ ಇದೆ. ಹಳೆಯ ಎರಡು ಸಂಸ್ಥೆಗಳು ಕೂಡಿ 1989ರಲ್ಲಿ ಆದದ್ದು ಅದು. ಕಷ್ಟ ಶುರುವಾಗುವುದು ಒಟ್ಟಾಗಿ ‘ಬೇಡ’ ಎನ್ನಬೇಕಾದಾಗ. 1990ರ ದಶಕದ ಆರಂಭದಲ್ಲಿ ಕ್ಯಾರಿಕಾಮ್ ದೇಶಗಳು, ಅಂದರೆ 1973ರಲ್ಲಿ ಕೆರಿಬಿಯನ್ ಸಮುದಾಯವೆಂದು ಒಂದಾದ ದೇಶಗಳು, ವಿಹಾರದ ಹಡಗುಗಳಲ್ಲಿ ಬರುವ ಪ್ರತಿ ಪ್ರಯಾಣಿಕರಿಗೂ ಕನಿಷ್ಠ 10 ಡಾಲರ್ ತೆರಿಗೆ ಹಾಕಬೇಕೆಂದು ಮಾತಾಡಿಕೊಂಡವು. ಹಡಗಿನ ಪ್ರಯಾಣಿಕ ಮಲಗುವುದೂ ಉಣ್ಣುವುದೂ ಹಡಗಿನಲ್ಲೇ. ದ್ವೀಪಕ್ಕೆ ಅವನು ಸಿಗುವುದು ಕೆಲವು ಗಂಟೆ. ಹಾಗಾಗಿ ದ್ವೀಪಕ್ಕೆ ಖಾತ್ರಿಯಾಗಿ ದಕ್ಕುವ ಹಣ ಆ ತಲೆಗಂದಾಯ. ಹಡಗು ಕಂಪನಿಗಳು ವಿರೋಧಿಸಿದವು. ಒಂದು ಬಂದರು ದುಬಾರಿಯಾದರೆ ಪಕ್ಕದ ಬಂದರು ಇದ್ದೇ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಒಂದೇ ದರ ಎಂಬ ಆ ಮಾತು ನಿಲ್ಲಲಿಲ್ಲ.

ಇನ್ನೊಂದು ಉದಾಹರಣೆ ಕಸದ್ದು. ಹಡಗುಗಳು ಕಡಲಿಗೆ ಕಸ ಸುರಿಯದಂತೆ ಕೆರಿಬಿಯನ್ ಪ್ರದೇಶವನ್ನು ವಿಶೇಷ ವಲಯವೆಂದು ಅಂತರರಾಷ್ಟ್ರೀಯ ನಿಯಮದಲ್ಲಿ ಸೇರಿಸಿದ್ದು 1990ರ ದಶಕದ ಆರಂಭದಲ್ಲಿ. ಅದು ನಿಜವಾಗಿ ಜಾರಿಯಾದದ್ದು 2011ರ ಮೇ 1ರಂದು. ನಡುವಿನ ಕಾಲ ಹೋದದ್ದು ಯಾಕೆಂದರೆ, ಕಡಲಿಗೆ ಹಾಕಬೇಡ ಎನ್ನುವ ಮೊದಲು ಆ ಕಸವನ್ನು ಇಳಿಸಿಕೊಳ್ಳುವ ವ್ಯವಸ್ಥೆ ಬಂದರುಗಳಲ್ಲಿ ಇರಬೇಕಿತ್ತು. ಹಡಗಿನ ಕಸಕ್ಕೆ ಜಾಗ ಮಾಡಿಕೊಡುವ ಹೊಣೆ ಪುಟ್ಟ ದ್ವೀಪಗಳ ಮೇಲೂ ಬಿತ್ತು. ಸಹಕಾರ ಅಸಾಧ್ಯವಲ್ಲ ಎಂಬುದಕ್ಕೂ, ಅದರ ಬೆಲೆಯನ್ನು ತೆರುವವರು ಯಾರು ಎಂಬುದಕ್ಕೂ ಇದೇ ಉದಾಹರಣೆ.

ಇವೆರಡರ ಬೇರಿನಲ್ಲಿರುವ ಸಂಗತಿಯನ್ನು ಅರ್ಥಶಾಸ್ತ್ರಜ್ಞರು ಪೈಪೋಟಿ ಎನ್ನುತ್ತಾರೆ. ಅದರ ಸಾಹಿತ್ಯಿಕ ಹೆಸರು ನನಗೆ ಸಿಕ್ಕಿದ್ದು ಡೆರೆಕ್ ವಾಲ್ಕಾಟ್ ಅವರಲ್ಲಿ. ಸೇಂಟ್ ಲೂಸಿಯಾದ ಈ ಕವಿ 1992ರ ನೊಬೆಲ್ ಭಾಷಣದಲ್ಲಿ ಪ್ರವಾಸದ ಜಾಹೀರಾತುಗಳ ಬಗ್ಗೆ ಕಟುವಾಗಿ ಮಾತಾಡುತ್ತಾರೆ. ದ್ವೀಪಗಳು ತಮ್ಮನ್ನು ಮಾರಿಕೊಳ್ಳುವಾಗ ಅದೇ ನಗು, ಅದೇ ಸೇವೆಯ ಚಿತ್ರಗಳನ್ನು ಮತ್ತೆಮತ್ತೆ ತೋರಿಸುತ್ತವೆ. ಕೊನೆಗೆ ಒಂದು ದ್ವೀಪಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣದಂತಾಗುತ್ತದೆ. ಅವರ ದೂರಿನ ಸಾರ ಇದು. ನಾನು ಇದನ್ನು ‘ಬದಲಿ ದ್ವೀಪ’ ಎಂದು ಕರೆದುಕೊಂಡಿದ್ದೇನೆ. ಹಡಗು ಕಂಪನಿಯ ಬಲ ಇರುವುದು ಇಲ್ಲೇ. ಪ್ರವಾಸಿಗೆ ತಾನು ಯಾವ ದ್ವೀಪದಲ್ಲಿದ್ದೇನೆ ಎಂಬುದು ಮುಖ್ಯವಲ್ಲದಿದ್ದರೆ, ಆ ದ್ವೀಪ ಯಾವ ಷರತ್ತನ್ನೂ ಹಾಕಲಾರದು.

*

ವಾಲ್ಕಾಟ್ ಬರೀ ಭಾಷಣದಲ್ಲಿ ಇದನ್ನು ಹೇಳಿ ಬಿಟ್ಟವರಲ್ಲ. ಸೇಂಟ್ ಲೂಸಿಯಾದ ನೈಋತ್ಯ ಕರಾವಳಿಯಲ್ಲಿ ಕಡಲಿನಿಂದ ನೇರವಾಗಿ ಎದ್ದ ಪಿಟೋನ್ ಎಂಬ ಎರಡು ಶಿಖರಗಳಿವೆ. ಅವುಗಳ ನಡುವಿನ ಕಣಿವೆಯಲ್ಲಿ ರಿಸಾರ್ಟ್ ಕಟ್ಟಲು ಹೊರಟಾಗ ಅವರು ಬಹಿರಂಗವಾಗಿ ವಿರೋಧಿಸಿದರು. ರಿಸಾರ್ಟ್ ಎದ್ದೇ ಎದ್ದಿತು. ಆ ಶಿಖರಗಳ ಪ್ರದೇಶ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅದರ ನಂತರ, 2004ರಲ್ಲಿ.

ಅದಕ್ಕೂ ಮೊದಲು, 1978ರಲ್ಲಿ, ಅವರು ‘ಪ್ಯಾಂಟೊಮೈಮ್’ ಎಂಬ ಎರಡೇ ಪಾತ್ರಗಳ ನಾಟಕ ಬರೆದಿದ್ದರು. ಟೊಬ್ಯಾಗೊದಲ್ಲಿ ಒಂದು ಅತಿಥಿಗೃಹ. ಮಾಲೀಕ ಹ್ಯಾರಿ ಟ್ರೂ ಒಬ್ಬ ಇಂಗ್ಲಿಷ್ ನಟ. ಕೆಲಸಗಾರ ಜಾಕ್ಸನ್ ಫಿಲಿಪ್ ಹಿಂದೆ ಕ್ಯಾಲಿಪ್ಸೊ ಹಾಡುಗಾರನಾಗಿದ್ದವನು. ಬರುವ ಅತಿಥಿಗಳ ಮನರಂಜನೆಗೆ ರಾಬಿನ್ಸನ್ ಕ್ರೂಸೊ ಕಥೆಯನ್ನು ತಲೆಕೆಳಗು ಮಾಡಿ ಆಡೋಣ, ನೀನು ಕ್ರೂಸೊ ಆಗು, ನಾನು ಫ್ರೈಡೇ ಆಗುತ್ತೇನೆ ಎಂದು ಮಾಲೀಕನೇ ಸೂಚಿಸುತ್ತಾನೆ. ತಮಾಷೆಗೆಂದು ಶುರುವಾದದ್ದು ಜಾಕ್ಸನ್ ಪಾತ್ರವನ್ನು ನಿಜವಾಗಿ ತೆಗೆದುಕೊಂಡ ಕೂಡಲೇ ಮಾಲೀಕನಿಗೆ ಕಸಿವಿಸಿಯಾಗುತ್ತದೆ. ಕಪ್ಪು ಯಜಮಾನ ಬಿಳಿಯ ಆಳಿಗೆ ಭಾಷೆ, ದೇವರು, ಹೆಸರು ಎಲ್ಲವನ್ನೂ ಹೊಸದಾಗಿ ಕಲಿಸಬೇಕಾದೀತಲ್ಲ! ಇದು ಅತಿಥಿಗಳಿಗೆ ಭಾರವಾದೀತು, ಬೇಡ ಎಂದು ಅವನು ಹಿಂದೆಗೆಯುತ್ತಾನೆ. ನಾಟಕದ ಕೊನೆಯಲ್ಲಿ ಜಾಕ್ಸನ್ ಎತ್ತುವುದು ಸಂಬಳ ಹೆಚ್ಚಿಸುವ ಮಾತನ್ನು.

ಈ ಕೊನೆಯನ್ನು ಬರಿಯ ನಗೆಚಾಟಿಕೆಯೆಂದು ಓದುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಇಡೀ ನಾಟಕ ಪಾತ್ರ ಹಂಚಿಕೆಯ ಚೌಕಾಸಿ. ಯಾರು ಯಜಮಾನ, ಯಾರು ಆಳು ಎಂಬುದನ್ನು ಆಟದಲ್ಲಿ ಅದಲುಬದಲು ಮಾಡಬಹುದು, ಆದರೆ ಸಂಬಳದ ಪಟ್ಟಿಯಲ್ಲಿ ಅದು ಬದಲಾಗಿರುವುದಿಲ್ಲ. ‘ಸಮುದಾಯದ ಸಹಭಾಗಿತ್ವ’ ಎಂಬುದು ಸುಸ್ಥಿರ ಪ್ರವಾಸೋದ್ಯಮದ ಎಲ್ಲ ದಸ್ತಾವೇಜುಗಳಲ್ಲೂ ಬರುವ ಮಾತು. ಹ್ಯಾರಿ ಕೂಡ ಜಾಕ್ಸನ್‌ಗೆ ಕೊಟ್ಟದ್ದು ಸಹಭಾಗಿತ್ವವನ್ನೇ. ಅದು ಎಲ್ಲಿಯವರೆಗೆ ಸಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವ ಹಕ್ಕನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡ. ಜಾಕ್ಸನ್ ಸಂಬಳದ ಮಾತೆತ್ತಿದಾಗ ಆಟವನ್ನು ಹಾಳುಮಾಡುತ್ತಿಲ್ಲ, ಆಟ ಎಲ್ಲಿಗೆ ಬಂದು ನಿಲ್ಲಬೇಕಿತ್ತೋ ಅಲ್ಲಿಗೆ ತಂದು ನಿಲ್ಲಿಸುತ್ತಿದ್ದಾನೆ.

ಇದೇ ವಾಲ್ಕಾಟ್ 1990ರ ‘ಒಮೆರೋಸ್’ ಮಹಾಕಾವ್ಯದಲ್ಲಿ ಪ್ರಶ್ನೆಯನ್ನು ತನ್ನತ್ತಲೇ ತಿರುಗಿಸಿಕೊಳ್ಳುತ್ತಾರೆ. ಕಾವ್ಯ ಶುರುವಾಗುವುದೇ ಫಿಲೊಕ್ಟೀಟ್ ಎಂಬ ಮೀನುಗಾರ ಪ್ರವಾಸಿಗಳ ಕ್ಯಾಮೆರಾದ ಮುಂದೆ ನಿಂತಿರುವಲ್ಲಿ. ಇನ್ನಷ್ಟು ಚಿಲ್ಲರೆ ಕೊಟ್ಟರೆ ಅವನು ಕಾಲಿನ ಗಾಯದ ಕಲೆಯನ್ನೂ ತೋರಿಸುತ್ತಾನೆ. ಹೆಕ್ಟರ್ ಎಂಬ ಇನ್ನೊಬ್ಬ ದೋಣಿ ಬಿಟ್ಟು ವ್ಯಾನು ಕೊಳ್ಳುತ್ತಾನೆ, ಆ ವೇಗದ ಬದುಕು ಅವನನ್ನು ಅಪಘಾತದಲ್ಲಿ ಬಲಿ ತೆಗೆದುಕೊಳ್ಳುತ್ತದೆ. ಕಡಲು ಬಿಟ್ಟವನಿಗೆ ಕೇಡು ಎಂಬ ಸುಲಭದ ನೀತಿ ಇಲ್ಲಿ ಆಗಿಬಿಡಬಹುದಿತ್ತು. ಆದರೆ ಕವಿ ನಿರೂಪಕ ತನ್ನನ್ನೇ ಕೇಳಿಕೊಳ್ಳುತ್ತಾನೆ: ಈ ಬಡವರು ಹೀಗೆಯೇ ಇರಲಿ, ಗುಡಿಸಲು ಹೀಗೆಯೇ ಇರಲಿ ಎಂದು ನಾನು ಬಯಸುತ್ತಿರುವುದು ಅವರಿಗಾಗಿಯೋ, ನನ್ನ ಕಾವ್ಯ ಚಂದವಾಗಲೆಂದೋ? ಹಾಗಿದ್ದರೆ ನನಗೂ ಆ ಕ್ಯಾಮೆರಾದವನಿಗೂ ಏನು ವ್ಯತ್ಯಾಸ?

ರಿಸಾರ್ಟನ್ನು ವಿರೋಧಿಸಿದ ಕವಿಯೇ ಹೀಗೆ ಕೇಳಿಕೊಳ್ಳುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಪ್ರವಾಸೋದ್ಯಮವನ್ನು ಟೀಕಿಸುವ ನಮ್ಮಂಥವರು, ಅದರಲ್ಲೂ ಫೆಲೊಶಿಪ್ಪಿನ ಹಣದಲ್ಲಿ ಕೂತು ಬರೆಯುವವರು, ವ್ಯಾನು ಕೊಂಡ ಹೆಕ್ಟರನ ಲೆಕ್ಕಾಚಾರವನ್ನು ಬೇಗ ಮರೆಯುತ್ತೇವೆ. ಅವನಿಗೆ ಅದು ಕೆಲಸ.

*

ಹಾಗಾದರೆ ‘ನಾವು’ ಎಂಬುದು ಅಲ್ಲಿ ಇಲ್ಲವೇ ಇಲ್ಲವೇ? ಇದೆ. ಆದರೆ ಅದು ಕಾಣುವುದು ಪ್ರವಾಸಿ ಪ್ರೇಕ್ಷಕನಲ್ಲದ ಜಾಗಗಳಲ್ಲಿ. ವಾಲ್ಕಾಟರ ನೊಬೆಲ್ ಭಾಷಣ ಶುರುವಾಗುವುದು ಟ್ರಿನಿಡಾಡಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ ಎಂಬುದು ಭಾರತದ ಓದುಗರಿಗೆ ಕುತೂಹಲದ ಸಂಗತಿ. 1845ರಿಂದ 1917ರವರೆಗೆ ಕಬ್ಬಿನ ತೋಟಗಳ ಜೀತದ ಕರಾರಿಗೆ ಹೋದ ಭಾರತೀಯರ, ಅದರಲ್ಲೂ ಭೋಜ್‌ಪುರಿ ಸೀಮೆಯಿಂದ ಹೋದವರ ವಂಶಸ್ಥರು ಅಲ್ಲಿ ಬಯಲಿನಲ್ಲಿ ರಾಮಾಯಣ ಆಡುತ್ತಾರೆ. ಅದನ್ನು ನೋಡಿದ ವಾಲ್ಕಾಟ್ ತನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತಾರೆ. ತಾನು ಅದನ್ನು ನಾಟಕವೆಂದು, ಕಳೆದುಹೋದ ಯಾವುದರದೋ ಪಳೆಯುಳಿಕೆಯೆಂದು ನೋಡುತ್ತಿದ್ದೆ, ಆಡುತ್ತಿದ್ದವರಿಗೆ ಅದು ನಂಬಿಕೆಯಾಗಿತ್ತು. ತನ್ನ ಮೆಚ್ಚುಗೆಯಲ್ಲೂ ಒಂದು ಮೇಲರಿಮೆ ಇತ್ತು ಎಂದು. ಪಕ್ಕದ ಮನೆಯವನೂ ಪ್ರವಾಸಿಯ ಕಣ್ಣಿನಿಂದ ನೋಡಬಲ್ಲ ಎಂಬ ತಿಳಿವಳಿಕೆ ಇದು. ಆಫ್ರಿಕ, ಏಷ್ಯ, ಯುರೋಪುಗಳ ಒಡೆದ ಚೂರುಗಳನ್ನು ಮತ್ತೆ ಜೋಡಿಸುವ ಪ್ರೀತಿಯೇ ಕೆರಿಬಿಯನ್ ಕಲೆ ಎಂಬ ಅವರ ಪ್ರಸಿದ್ಧ ರೂಪಕ ಬರುವುದು ಈ ತಪ್ಪೊಪ್ಪಿಗೆಯ ನಂತರವೇ.

ಇಂಥ ಜಾಗಗಳು ಇನ್ನೂ ಇವೆ. ಒಕ್ಕೂಟ ಮುರಿದ ಮೇಲೂ 1948ರಲ್ಲಿ ಶುರುವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಎಲ್ಲ ದ್ವೀಪಗಳದ್ದಾಗಿ ಉಳಿಯಿತು. ಕ್ರಿಕೆಟ್ ತಂಡವೂ ಉಳಿಯಿತು, ಸಿ. ಎಲ್. ಆರ್. ಜೇಮ್ಸ್ ಆ ತಂಡವನ್ನು ರಾಜಕೀಯ ಕಥನವಾಗಿ ಓದಿದ ‘ಬಿಯಾಂಡ್ ಎ ಬೌಂಡರಿ’ ಪ್ರಕಟವಾದದ್ದು ಒಕ್ಕೂಟ ಮುಗಿದ ಮರುವರ್ಷ, 1963ರಲ್ಲಿ. ಡೊಮಿನಿಕಾದಿಂದ ಬಾಳೆ, ಗೆಡ್ಡೆಗೆಣಸು, ಹಣ್ಣುಗಳನ್ನು ಹೊತ್ತು ಗ್ವಾಡಲೂಪ್, ಆಂಟಿಗುವಾಗಳಿಗೆ ದೋಣಿಯಲ್ಲಿ ಹೋಗಿ ಮಾರಿ ಬರುವ ವ್ಯಾಪಾರಿಗಳಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಿಂಕೇಡ್ ದೂರುವ ಮಯಾಮಿಯ ಊಟಕ್ಕೆ ಉತ್ತರವೊಂದು ಇದ್ದರೆ ಅದು ಈ ಹೆಂಗಸರ ಬುಟ್ಟಿಯಲ್ಲಿದೆ. ದ್ವೀಪದಿಂದ ದ್ವೀಪಕ್ಕೆ ಹಾರುತ್ತಿದ್ದ ‘ಲಿಯಟ್’ ಎಂಬ ವಿಮಾನ ಸಂಸ್ಥೆ 1956ರಲ್ಲಿ ಮಾಂಟ್ಸೆರಾಟ್‌ನಲ್ಲಿ ಹುಟ್ಟಿತ್ತು. ಅದರ ಹೆಸರಿನ ಅಕ್ಷರಗಳಿಗೆ ‘ಲೀವ್ ಐಲೆಂಡ್ ಎನಿ ಟೈಮ್’ ಎಂಬ ಅರ್ಥ ಕಟ್ಟಿ ಜನ ನಗುತ್ತಿದ್ದರು. ಯಾವಾಗ ಹೊರಡುತ್ತದೋ ಗೊತ್ತಿಲ್ಲ ಎಂಬ ಆ ಗೇಲಿಯಲ್ಲೂ ನಮ್ಮದು ಎಂಬ ಭಾವವಿತ್ತು. 2020ರಲ್ಲಿ ಅದು ಕುಸಿಯಿತು. ದೊಡ್ಡ ದೇಶಗಳಿಂದ ನೇರ ವಿಮಾನಗಳಿರುವ ಕಡಲಿನಲ್ಲಿ ನೆರೆಯ ದ್ವೀಪಕ್ಕೆ ಹೋಗುವುದು ಕಷ್ಟವಾಯಿತು. ಒಂದೇ ಘಟಕವೆಂದು ಒಡಂಬಡಿಕೆ ಹೇಳುವ ಪ್ರದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

*

ಇನ್ನು ಕಿಂಕೇಡ್ ಅವರ ಪಠ್ಯಕ್ಕೆ ಮರಳುತ್ತೇನೆ. ಅದರ ಬಗ್ಗೆ ನನಗೆ ಎರಡು ತಕರಾರುಗಳಿವೆ. ಮೊದಲನೆಯದು, ಅದರ ಸಿಟ್ಟು ಬೀಳುವುದು ಪ್ರವಾಸಿಯ ಮೇಲೆ, ಹಳೆಯ ಇಂಗ್ಲಿಷ್ ಯಜಮಾನರ ಮೇಲೆ, ಸ್ವಂತ ಸರ್ಕಾರದ ಭ್ರಷ್ಟರ ಮೇಲೆ. ನೆರೆಯ ದ್ವೀಪಗಳು ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸಣ್ಣ ಜಾಗದಲ್ಲಿ ಬದುಕುವವರಿಗೆ ತಮ್ಮನ್ನು ದೊಡ್ಡದೊಂದರ ಭಾಗವಾಗಿ ಕಾಣುವುದು ಕಷ್ಟ ಎಂದು ವಾದಿಸುವ ಪುಸ್ತಕ ತಾನೂ ಆ ಕಷ್ಟದಿಂದ ಹೊರಗಿಲ್ಲ.

ಎರಡನೆಯ ತಕರಾರನ್ನು ನನಗೆ ತೋರಿಸಿಕೊಟ್ಟದ್ದು ಆಮೇಲಿನ ಘಟನೆಗಳು. 1981ರಲ್ಲಿ ಸ್ವತಂತ್ರವಾದ ಆ ದೇಶದ ಪೂರ್ತಿ ಹೆಸರು ಆಂಟಿಗುವಾ ಮತ್ತು ಬಾರ್ಬುಡಾ. ಬಾರ್ಬುಡಾ ಎಂಬ ಎರಡನೆಯ ದ್ವೀಪದಲ್ಲಿ ಎರಡು ಸಾವಿರಕ್ಕಿಂತ ಕಡಿಮೆ ಜನ. ಅಲ್ಲಿ ನೆಲ ಯಾರೊಬ್ಬರ ಸ್ವತ್ತಲ್ಲ, ಎಲ್ಲರಿಗೂ ಸೇರಿದ್ದು ಎಂಬ ಪದ್ಧತಿ ಗುಲಾಮಗಿರಿ ಮುಗಿದ ಕಾಲದಿಂದ ಬಂದದ್ದು. 2007ರ ಕಾಯಿದೆ ಅದನ್ನು ಬರಹಕ್ಕೆ ಇಳಿಸಿತ್ತು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಡಿದಾಗ ದ್ವೀಪದ ಎಲ್ಲರನ್ನೂ ಆಂಟಿಗುವಾಕ್ಕೆ ಸಾಗಿಸಲಾಯಿತು. ಅವರು ಮರಳಿ ನೆಲೆಯೂರುವ ಮೊದಲೇ ಸರ್ಕಾರ ಆ ನೆಲದ ಕಾನೂನು ಬದಲಿಸಲು ಹೊರಟಿತು. ಜನ ಹಕ್ಕುಪತ್ರ ಪಡೆದು ಸಾಲ ಎತ್ತಿ ಮನೆ ಕಟ್ಟಿಕೊಳ್ಳಲಿ ಎಂಬುದು ಸರ್ಕಾರದ ವಾದ. ಶ್ರೀಮಂತರ ರಿಸಾರ್ಟುಗಳಿಗೆ ದಾರಿ ಮಾಡಿಕೊಡಲು ಇದು ಎಂಬುದು ಬಾರ್ಬುಡಾದ ಹಲವರ ಆರೋಪ. ಕಿಂಕೇಡ್ ಆಂಟಿಗುವಾವನ್ನು ಸಣ್ಣ ಜಾಗವೆಂದು ಬರೆದರು. ಅದಕ್ಕಿಂತ ಸಣ್ಣ ಜಾಗವೊಂದು ಅದೇ ದೇಶದೊಳಗೆ ಇತ್ತು. ಒಂದೇ ಬಾವುಟದ ಕೆಳಗಿನ ಎರಡು ದ್ವೀಪಗಳ ‘ನಾವು’ ಹೀಗಿರುವಾಗ 25 ದೇಶಗಳ ‘ನಾವು’ ಎಷ್ಟು ಕಷ್ಟದ್ದು ಎಂಬುದನ್ನು ಯೋಚಿಸಬಹುದು.

ಇಷ್ಟು ಹೇಳಿಯೂ ಕಿಂಕೇಡ್ ಪರವಾಗಿ ಒಂದು ಸಾಕ್ಷಿ ಇಡಬೇಕು. 2001ರಲ್ಲಿ, ಅಂದರೆ ಮಾರ್ಗರೀಟಾ ದ್ವೀಪದಲ್ಲಿ ಒಡಂಬಡಿಕೆಗೆ ಸಹಿ ಬಿದ್ದ ವರ್ಷವೇ, ಸ್ಟೆಫನಿ ಬ್ಲ್ಯಾಕ್ ಅವರ ‘ಲೈಫ್ ಅಂಡ್ ಡೆಟ್’ ಸಾಕ್ಷ್ಯಚಿತ್ರ ಬಂತು. ಅಂತರರಾಷ್ಟ್ರೀಯ ಸಾಲದ ಷರತ್ತುಗಳಿಂದ ಜಮೈಕಾದ ಹಾಲು, ತರಕಾರಿ, ಬಾಳೆಯ ಬೆಳೆಗಾರರು ನೆಲಕಚ್ಚಿದ ಕಥೆ ಅದು. ಅದರ ಹಿನ್ನೆಲೆ ನಿರೂಪಣೆಗೆ ಬಳಸಿಕೊಂಡದ್ದು ‘ಎ ಸ್ಮಾಲ್ ಪ್ಲೇಸ್’ ಪಠ್ಯವನ್ನೇ. ಆಂಟಿಗುವಾದ ಬಗ್ಗೆ ಬರೆದ ಮಾತುಗಳು ಜಮೈಕಾದ ಚಿತ್ರಗಳ ಮೇಲೆ ಕೇಳಿಸುತ್ತವೆ, ಎಲ್ಲೂ ಎಡವುವುದಿಲ್ಲ.

ಇದು ಮೊದಲು ನನ್ನನ್ನು ಗಲಿಬಿಲಿಗೊಳಿಸಿತು. ಒಂದು ದ್ವೀಪದ ಜಾಗದಲ್ಲಿ ಇನ್ನೊಂದನ್ನು ಇಡುವುದು ಜಾಹೀರಾತಿನ ಕೆಲಸವಲ್ಲವೇ? ವಾಲ್ಕಾಟ್ ಬಯ್ದದ್ದು ಇದನ್ನೇ ತಾನೇ? ನಿಧಾನವಾಗಿ ಯೋಚಿಸಿದಾಗ ವ್ಯತ್ಯಾಸ ಕಂಡಿತು. ಜಾಹೀರಾತಿನಲ್ಲಿ ಒಂದು ದ್ವೀಪ ಇನ್ನೊಂದರ ‘ಬದಲು’ ಬರುತ್ತದೆ. ಇಲ್ಲಿ ಒಂದು ಇನ್ನೊಂದರ ‘ಪರವಾಗಿ’ ಮಾತಾಡುತ್ತದೆ. ಬದಲಿಗೆ ಬಂದಾಗ ಇಬ್ಬರ ಬೆಲೆಯೂ ಇಳಿಯುತ್ತದೆ. ಪರವಾಗಿ ಮಾತಾಡಿದಾಗ ಒಬ್ಬರ ಅನುಭವ ಇನ್ನೊಬ್ಬರಿಗೆ ಸಾಕ್ಷಿಯಾಗುತ್ತದೆ. ಪ್ರಾದೇಶಿಕ ಸಹಕಾರ ಎಂಬುದಕ್ಕೆ ಅರ್ಥ ಬರುವುದು ಈ ಎರಡನೆಯ ಬಗೆಯಲ್ಲಿ ಎಂದು ನನಗನ್ನಿಸುತ್ತದೆ. ತಲೆಗಂದಾಯದ ಮಾತು ಬಿದ್ದುಹೋದದ್ದು ಪ್ರತಿ ದ್ವೀಪವೂ ತಾನು ಇನ್ನೊಂದರ ಬದಲಾಗಬಲ್ಲೆ ಎಂದು ಲೆಕ್ಕ ಹಾಕಿದ್ದರಿಂದ. ಅದು ನಿಲ್ಲಬೇಕಾಗಿದ್ದರೆ ಪಕ್ಕದ ಬಂದರಿಗೆ ಆಗುವ ನಷ್ಟವನ್ನು ತನ್ನದೆಂದು ಎಣಿಸುವವರು ಬೇಕಿತ್ತು. ಒಡಂಬಡಿಕೆಗಳು ಇದನ್ನು ಸೃಷ್ಟಿಸಲಾರವು. ಆದರೆ ಒಡಂಬಡಿಕೆಯೇ ಇಲ್ಲದಿದ್ದರೆ ಇದನ್ನು ಕೇಳಿಕೊಳ್ಳುವ ವೇದಿಕೆಯೂ ಇರುವುದಿಲ್ಲ. ಹಾಗಾಗಿ ಆ ಹನ್ನೆರಡು ವರ್ಷ ಕಾದ ಕಾಗದವನ್ನು ನಾನು ಹಗುರವಾಗಿ ಕಾಣಲಾರೆ.

ಹೊಸ ತಲೆಮಾರಿನ ಲೇಖಕರು ಈ ಲೆಕ್ಕವನ್ನು ಮನೆಯೊಳಗೇ ತಂದಿದ್ದಾರೆ. ನಿಕೋಲ್ ಡೆನಿಸ್-ಬೆನ್ ಅವರ 2016ರ ಕಾದಂಬರಿ ‘ಹಿಯರ್ ಕಮ್ಸ್ ದ ಸನ್’ನಲ್ಲಿ ಮಾರ್ಗೊ ಜಮೈಕಾದ ರಿಸಾರ್ಟಿನಲ್ಲಿ ದುಡಿಯುತ್ತಾಳೆ, ತಾಯಿ ಪ್ರವಾಸಿಗಳಿಗೆ ನೆನಪಿನ ಸಾಮಾನು ಮಾರುತ್ತಾಳೆ, ತಂಗಿ ಓದಬೇಕಾಗಿದೆ. ಹೊಸ ಹೋಟೆಲಿಗಾಗಿ ಅವರ ಮೀನುಗಾರರ ಹಳ್ಳಿಯೇ ಹೋಗಲಿದೆ, ಆ ಹೋಟೆಲಿನಲ್ಲಿ ಮೇಲಿನ ಹುದ್ದೆಯ ಕನಸು ಕಾಣುವವಳು ಮಾರ್ಗೊ. ಇಲ್ಲಿ ಪ್ರವಾಸಿಯನ್ನು ಬಯ್ದರೆ ಸಾಲದು. ಹಳ್ಳಿಯನ್ನು ಬಿಟ್ಟುಕೊಡುತ್ತಿರುವುದು ಹಳ್ಳಿಯ ಮಗಳೇ. ಆಕೆಗೆ ಬೇರೆ ಏನಿತ್ತು ಎಂಬುದಕ್ಕೆ ಕಾದಂಬರಿ ಓದುಗರಿಂದ ಉತ್ತರ ಕೇಳುತ್ತದೆ.

ಅನುವಾದದ ತೊಡಕಿಗೆ ನಾನು ಸದ್ಯಕ್ಕೆ ಒಂದು ದಾರಿ ಹಿಡಿದಿದ್ದೇನೆ. ‘ನೀವು’ ಎಂದೇ ಬರೆಯುತ್ತಿದ್ದೇನೆ. ಹೋಟೆಲಿನ ಬಾಗಿಲಲ್ಲಿ ನಿಂತವರು ಬಂದವರಿಗೆ ಅನ್ನುವ ‘ಬನ್ನಿ, ಕೂತ್ಕೊಳ್ಳಿ’ಯ ‘ನೀವು’ ಅದು. ಕೆಲಸದ ಭಾಗವಾಗಿ, ದಿನಕ್ಕೆ ನೂರು ಸಲ ಹೇಳಬೇಕಾದ ಮರ್ಯಾದೆಯ ಮಾತು. ಕಿಂಕೇಡ್ ಅವರ ಸಿಟ್ಟು ಆ ಮರ್ಯಾದೆಯ ಅಡಿಯಲ್ಲೇ ಕುದಿಯಬೇಕು. ಭಾರತದಲ್ಲಿ ಕೂತು ವಸಾಹತೋತ್ತರ ಸಾಹಿತ್ಯ ಓದುವ ನಾವು ಇಂಥ ಪಠ್ಯಗಳಲ್ಲಿ ನೊಂದವರ ಪಕ್ಕದಲ್ಲಿ ಜಾಗ ಹಿಡಿದುಕೊಂಡುಬಿಡುತ್ತೇವೆ. ಮೊದಲ ಓದಿನಲ್ಲಿ ನಾನೂ ಹಾಗೇ ಮಾಡಿದ್ದೆ. ಕನ್ನಡದಲ್ಲಿ ‘ನೀವು’ ಎಂದು ಬರೆದು ಗಟ್ಟಿಯಾಗಿ ಓದಿದಾಗ ಅದು ನನಗೇ ಹೇಳಿದಂತೆ ಕೇಳಿಸಿತು. ಅನುವಾದದ ಆ ಪುಟಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.